ತಿರುವಿನಲ್ಲಿ ತಪ್ಪಿದ ಕಣ್ಣು

ನನ್ನ ಗಂಡನಿಗೆ ಬೀದಿಯವರು ಇಟ್ಟ ಹೆಸರು ‘ಅಲ್ಲಾಡ್ಬೇಡಿ’. ಸ್ಟುಡಿಯೋ ಬಾಗಿಲು ತೆರೆದಾಗಿನಿಂದ ಮುಚ್ಚುವವರೆಗೂ ಅವರ ಬಾಯಲ್ಲಿ ಅದೊಂದೇ ಮಾತು. ಪಾಸ್‌ಪೋರ್ಟಿಗೆ, ಕೆಲಸದ ಅರ್ಜಿಗೆ, ಶಾಲೆಯ ಗುರುತಿನ ಚೀಟಿಗೆ ಎಂದು ಊರಿನ ಅರ್ಧ ಜನ ಅವರ ಸ್ಟೂಲಿನ ಮೇಲೆ ಉಸಿರು ಬಿಗಿಹಿಡಿದು ಕೂತವರೇ. ಮನೆಮಂದಿಯ ಫೋಟೋದಲ್ಲಿ ಯಾರಾದರೂ ಕಣ್ಣು ಮುಚ್ಚಿದ್ದರೆ ಇನ್ನೊಂದು ಫೋಟೋದಿಂದ ಕಣ್ಣು ತೆಗೆದು ಕಂಪ್ಯೂಟರಿನಲ್ಲಿ ಕೂರಿಸಿಬಿಡುತ್ತಾರೆ. ಮೊಡವೆ ಅಳಿಸುತ್ತಾರೆ, ಬೋಳುತಲೆಯ ಹೊಳಪು ಇಳಿಸುತ್ತಾರೆ. ಯಾರ ಮನಸ್ಸನ್ನೂ ನೋಯಿಸಿ ಗೊತ್ತಿಲ್ಲದ ಮನುಷ್ಯ. ಅಂಗಡಿಯವನು ಕೊಳೆತ ಟೊಮೆಟೊ ತೂಗಿ ಕೊಟ್ಟರೂ ತೆಪ್ಪಗೆ ತರುತ್ತಾರೆ. ವಾಪಸ್ಸು ಹೋಗಿ ಜಗಳ ಆಡಬೇಕಾದವಳು ನಾನು.

ಹಳೆಯ ಕ್ಯಾಮೆರಾ ಕೈಕೊಟ್ಟಿತೆಂದು ಹೊಸದು ತಂದರು. ಎದುರಿಗಿರುವವರ ಕಣ್ಣನ್ನು ಅದು ತಾನೇ ಹುಡುಕಿ, ಅದರ ಮೇಲೊಂದು ಹಳದಿ ಚೌಕ ಕೂರಿಸಿಕೊಂಡು, ಅವರು ಓಡಿದರೂ ಬಿಡದೆ ಹಿಂದೆ ಬೀಳುತ್ತದಂತೆ. ಗುಂಡಿ ಒತ್ತಿ ಹಿಡಿದರೆ ಸಾಕು, ಪಟಪಟನೆ ಫೋಟೋ ಮೇಲೆ ಫೋಟೋ.

“ಅಲ್ಲಾಡೋರನ್ನೂ ಹಿಡಿಯತ್ತೆ ಅಂದ್ರೆ ಇನ್ನು ನಿಮ್ಮ ಬಾಯಿಗೆ ಕೆಲಸಾನೇ ಇಲ್ಲ ಬಿಡಿ” ಎಂದು ರೇಗಿಸಿದೆ.

ಅದನ್ನು ಪರೀಕ್ಷಿಸಲು ಹಳೇ ಕಾರುಗಳ ರೇಸಿಗೆ ಹೋದೆವು. ಅಲ್ಲಿ ಕಾರು ಓಡಿಸುವವರಲ್ಲಿ ನನ್ನ ತಮ್ಮನೂ ಒಬ್ಬ. ಅವನು ಮೆಕ್ಯಾನಿಕ್. ಅವನ ಗ್ಯಾರೇಜಿನ ಮಾಲೀಕರ ಹಿತ್ತಿಲಲ್ಲಿ ಕೋಳಿಗಳು ಮೊಟ್ಟೆಯಿಡುತ್ತಿದ್ದ, ಮೇಲೆ ಚಾವಣಿಯೇ ಇಲ್ಲದ ಎರಡು ಸೀಟಿನ ಹಳೇ ಕಾರೊಂದಿತ್ತು. ತುಕ್ಕು ಕೆರೆದು, ಸಿಗದ ಭಾಗಗಳನ್ನು ಕೈಯಾರೆ ಮಾಡಿ, ಅದಕ್ಕೆ ಜೀವ ಬರಿಸಿದವನು ಅವನು. ಮಾಲೀಕರ ಹೊಟ್ಟೆ ಸ್ಟೀರಿಂಗಿನ ಹಿಂದೆ ಹಿಡಿಸುವುದಿಲ್ಲ, ಆದ್ದರಿಂದ ಓಡಿಸುವವನೂ ಅವನೇ. ಅಮ್ಮ ತೀರಿಕೊಂಡಾಗ ಅವನು ಇನ್ನೂ ಚಡ್ಡಿ ಹಾಕುತ್ತಿದ್ದ. ಎತ್ತಿ ಆಡಿಸಿ ಬೆಳೆಸಿದವಳು ನಾನು. ಅವನು ನನಗೆ ತಮ್ಮನಿಗಿಂತ ಮಗನೇ.

ಬೆಳಿಗ್ಗೆ ಅಭ್ಯಾಸದ ಸುತ್ತುಗಳು. ಕಾರುಗಳು ಹೊಗೆ ಕಾರುತ್ತ, ಕೆಮ್ಮುತ್ತ, ಮೈಯೆಲ್ಲ ಗಡಗಡ ಎನ್ನುತ್ತ ಬಂದವು. ನಾನು ಕಿವಿ ಮುಚ್ಚಿಕೊಂಡು ನಕ್ಕೆ. ಇವರು ತಿರುವಿನ ಹತ್ತಿರ ತಂತಿಬೇಲಿಗೆ ಅಂಟಿಕೊಂಡು ನಿಂತವರು ವಾಪಸ್ಸು ಬಂದಾಗ ಮುಖ ಗಂಟು ಹಾಕಿಕೊಂಡಿದ್ದರು.

“ಕ್ಯಾಮೆರಾ ಸರಿ ಇಲ್ಲ. ತಿರುವು ದಾಟಿದ ಮೇಲೆ ಚೌಕ ಕಣ್ಣಿನ ಮೇಲಿಂದ ಜಾರಿ ಕಾರಿನ ದೀಪದ ಮೇಲೆ ಹೋಗಿ ಕೂತ್ಕೊಳ್ಳುತ್ತೆ. ವಾಪಸ್ಸು ಕೊಟ್ಟುಬಿಡೋಣ.”

“ನೀವು ವಾಪಸ್ಸು ಕೊಡೋದಾ? ನಾನೇ ಬರ್ತೀನಿ ನಡೀರಿ” ಎಂದೆ.

ಆದರೂ ಕ್ಯಾಂಟೀನಿನ ನೆರಳಲ್ಲಿ ಕೂತು ಒಂದೊಂದೇ ಫೋಟೋ ನೋಡತೊಡಗಿದರು. ಹಾಗೆ ನೋಡುತ್ತ ನೋಡುತ್ತ ಅವರ ಚಹಾ ತಣ್ಣಗಾಯಿತು. ಕೊನೆಗೆ ಪರದೆಯನ್ನು ನನ್ನ ಕಡೆ ತಿರುಗಿಸಿದರು. ಬೇರೆ ಎಲ್ಲರ ಮುಖದಲ್ಲೂ ಚೌಕ ಕಣ್ಣಿನ ಮೇಲೇ ಇತ್ತು. ತಪ್ಪಿದ್ದು ನನ್ನ ತಮ್ಮನ ಮುಖದಲ್ಲಿ ಮಾತ್ರ. ಹೆಲ್ಮೆಟ್ಟಿನ ಗಾಜಿನೊಳಗೆ ಅವನ ರೆಪ್ಪೆ ಅರ್ಧ ಇಳಿದಿತ್ತು, ಗುಡ್ಡೆ ಮೇಲಕ್ಕೆ ಹೋಗಿ ಬಿಳಿ ಮಾತ್ರ ಕಾಣುತ್ತಿತ್ತು. ಮುಂದಿನದರಲ್ಲೂ ಹಾಗೇ. ಅದರ ಮುಂದಿನದರಲ್ಲೂ.

“ಕಣ್ಣು ಮಿಟುಕಿಸಿರ್ತಾನೆ” ಎಂದೆ.

“ಮಿಟುಕಿಸೋದು ನನಗೆ ಗೊತ್ತಿಲ್ವಾ? ದಿನಾ ಅದನ್ನೇ ತಾನೇ ನೋಡೋದು. ಇಷ್ಟು ಫೋಟೋದಲ್ಲಿ ಕಾರು ಎಷ್ಟು ದೂರ ಬಂದಿದೆ ನೋಡು. ಇಷ್ಟು ದೂರಾನೂ ಅವನಿಗೆ ಎಚ್ಚರ ಇರ್ಲಿಲ್ಲ.”

ತಮ್ಮನನ್ನು ಕರೆಸಿದೆವು. ಅವನು ಗ್ರೀಸು ಕೈ ಒರೆಸಿಕೊಳ್ಳುತ್ತ ಬಂದು, ನೋಡಿ, ನಕ್ಕುಬಿಟ್ಟ.

“ಬಿಸಿಲು ಹೊಡೆದಿರತ್ತೆ. ಊರೋರ ಮುಚ್ಚಿದ ಕಣ್ಣೆಲ್ಲ ತೆರೆಸ್ತೀರಿ, ನಂದೂ ತೆರೆಸಿಬಿಡಿ ಭಾವ.”

“ಫೋಟೋದಲ್ಲಿ ತೆರೆಸ್ತೀನಪ್ಪ. ಕಾರಿನಲ್ಲಿ ಹೇಗೆ ತೆರೆಸ್ಲಿ? ಮಧ್ಯಾಹ್ನದ ರೇಸಲ್ಲಿ ಓಡಿಸ್ಬೇಡ. ಮೊದಲು ಡಾಕ್ಟರಿಗೆ ತೋರಿಸು.”

ತಮ್ಮನ ನಗು ಆರಿತು. “ನನಗೇನೂ ಆಗಿಲ್ಲ. ಆಗಿದ್ರೆ ನನಗೇ ಗೊತ್ತಾಗ್ತಿರ್ಲಿಲ್ವಾ? ಇಂಥದ್ದೊಂದು ಮಾತು ಹಬ್ಬಿದ್ರೆ ನನ್ನ ಕೈಗೆ ಯಾರು ಗಾಡಿ ಕೊಡ್ತಾರೆ? ಗಾಡಿ ಓಡಿಸಿ ನೋಡದ ಮೆಕ್ಯಾನಿಕ್ ಯಾರಿಗೆ ಬೇಕು? ಅಳಿಸಿ ಅದನ್ನ. ಅಕ್ಕಾ, ನೀನಾದ್ರೂ ಹೇಳೇ.”

ನಿಜ ಹೇಳಬೇಕೆಂದರೆ ನನಗೆ ಗಂಡನ ಮೇಲೇ ಸಿಟ್ಟು ಬಂತು. ಸುಮ್ಮನೆ ಮನೆಯಲ್ಲಿ ಬಿದ್ದಿರುವುದು ಬಿಟ್ಟು ಈ ದರಿದ್ರ ಕ್ಯಾಮೆರಾ ತಂದು ಅವನ ಅನ್ನಕ್ಕೆ ಕಲ್ಲು ಹಾಕುತ್ತಿದ್ದಾರಲ್ಲ ಎನಿಸಿತು. ಆದರೆ ತಮ್ಮ ದಿನಾ ತನ್ನ ಮಗಳನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಶಾಲೆಗೆ ಹೋಗುವುದು ನೆನಪಾಯಿತು. ನನ್ನ ಬಾಯಿ ಕಟ್ಟಿಹೋಯಿತು. ಊರಿಗೆಲ್ಲ ಬೈಯುವ ಬಾಯಿ ಇದು.

ಟೊಮೆಟೊ ವಾಪಸ್ಸು ಕೊಡಲಾರದ ಮನುಷ್ಯ ಎದ್ದು ನಿಂತರು. ಕ್ಯಾಮೆರಾ ಎದೆಗೆ ಅವಚಿಕೊಂಡು ರೇಸಿನ ಡಾಕ್ಟರ ಡೇರೆಗೆ ಹೋದರು. ಹಿಂದಿನಿಂದ ನನ್ನ ತಮ್ಮ ಕೂಗುತ್ತಲೇ ಇದ್ದ, ಅವರು ತಿರುಗಿ ನೋಡಲಿಲ್ಲ.

ಸ್ವಲ್ಪ ಹೊತ್ತಿಗೆ ಮಾಲೀಕರೇ ಬಂದು, ತಲೆ ತಗ್ಗಿಸಿಕೊಂಡು, ತಮ್ಮನ ಹೆಲ್ಮೆಟ್ಟು ಇಸಿದುಕೊಂಡರು. ಅದನ್ನು ಗ್ಯಾರೇಜಿನ ಇನ್ನೊಬ್ಬ ಮೆಕ್ಯಾನಿಕ್ ಹಾಕಿಕೊಂಡ.

“ನಿಮ್ಮ ಆಟದ ಸಾಮಾನಿಗೆ ನನ್ನ ಬಾಳು ಬಲಿ ಕೊಟ್ರಿ” ಎಂದ ತಮ್ಮ, ಇವರ ಮುಖಕ್ಕೆ ಹೊಡೆದಂತೆ. “ಇನ್ಮೇಲೆ ನನ್ನ ಮನೆ ಹೊಸಿಲು ತುಳೀಬೇಡಿ.”

ಇವರ ಕಣ್ಣಲ್ಲಿ ನೀರಿತ್ತು.

ರೇಸು ಶುರುವಾಗುವ ಹೊತ್ತಿಗೆ ಮೂವರೂ ಬೇಲಿಯ ಹತ್ತಿರ ನಿಂತಿದ್ದೆವು. ತಮ್ಮ ನನ್ನ ಪಕ್ಕ, ತಂತಿಯೊಳಗೆ ಬೆರಳು ಸಿಕ್ಕಿಸಿಕೊಂಡು. ಇವರು ನಾಲ್ಕು ಹೆಜ್ಜೆ ದೂರ. “ಅವನಿಗೆ ಎರಡನೇ ಗೇರು ಹೇಗೆ ಹಾಕ್ಬೇಕೂಂತ ಗೊತ್ತಿಲ್ಲ, ಸ್ವಲ್ಪ ಒತ್ತಿ ಹಿಡಿದು...” ಎಂದು ತಮ್ಮ ಗೊಣಗುತ್ತಿದ್ದ. ಮಾತು ಅಲ್ಲಿಗೇ ನಿಂತಿತು. ಸಿಟ್ಟಿಗೆ ಸುಮ್ಮನಾದನೆಂದುಕೊಂಡೆ.

ಬಾವುಟ ಬಿತ್ತು. ಕಾರುಗಳೆಲ್ಲ ಒಟ್ಟಿಗೆ ಅಬ್ಬರಿಸಿಕೊಂಡು ನಮ್ಮ ಮುಂದೆಯೇ ಹಾದುಹೋದವು. ನೆಲ ನಡುಗಿತು. ಧೂಳೆದ್ದು ನಮ್ಮ ಮುಖಕ್ಕೆಲ್ಲ ಬಡಿಯಿತು. ಅವನ ಹಸಿರು ಕಾರೂ ಹೋಯಿತು. “ನೋಡೋ, ಹೋಯ್ತು!” ಎಂದು ಅವನ ಕಡೆ ತಿರುಗಿದೆ.

ರೆಪ್ಪೆ ಅರ್ಧ ಇಳಿದಿತ್ತು. ಅದರಡಿ ಬರೀ ಬಿಳಿ. ತುಟಿ ಸಣ್ಣಗೆ ಅದುರುತ್ತಿತ್ತು. ಹೆಸರು ಹಿಡಿದು ಕೂಗಿದೆ, ಭುಜ ಹಿಡಿದು ಅಲುಗಾಡಿಸಿದೆ. ಇವರು ಓಡಿ ಬಂದು ಅವನ ಸೊಂಟಕ್ಕೆ ಕೈ ಹಾಕಿ ಹಿಡಿದುಕೊಂಡರು.

ಕಾರುಗಳು ಆಚೆಯ ತಿರುವು ದಾಟಿ ಮರೆಯಾದವು. ಆಗ ಅವನು ಕಣ್ಣು ಬಿಟ್ಟ, ಖಾಲಿ ರಸ್ತೆಯ ಕಡೆ ಕತ್ತು ಚಾಚಿದ.

“ಇನ್ನೂ ಬಿಟ್ಟಿಲ್ವೇನಕ್ಕಾ?”

ಅವನು ನನ್ನ ಮುಖ ನೋಡಿದ. ತೋಳಿನ ಮೇಲೆ ಕೂತ ಧೂಳು ನೋಡಿಕೊಂಡ, ಬೆರಳಿನಿಂದ ಮುಟ್ಟಿದ. ಆಮೇಲೆ ತನ್ನ ಸೊಂಟ ಹಿಡಿದಿದ್ದ ಕೈಯ ಕಡೆ ತಿರುಗಿ ಮೆಲ್ಲಗೆ ಕೇಳಿದ:

“ಎಷ್ಟು ಹೊತ್ತು ಭಾವ?”