ಮಾಸ್ತರರು ಬರೆಸಿದ ಸಾಲು

ಬೆಟಗೇರಿಯ ನಮ್ಮ ಓಣಿಯ ಬ್ಯಾಂಡ್ ಮಾಸ್ತರರ ಕೆಳದುಟಿಯ ನಡುವೆ ಒಂದು ಗುಳಿ ಇತ್ತು. ಐವತ್ತು ವರ್ಷ ಸ್ಯಾಕ್ಸೊಫೋನ್ ಕಚ್ಚಿ ಊದಿದ್ದರ ಗುರುತು. ಚಹಾ ಕುಡಿದರೆ ಒಂದು ಹನಿ ಅಲ್ಲಿಯೇ ನಿಲ್ಲುತ್ತಿತ್ತು. ಅವರು ಒರೆಸುತ್ತಿರಲಿಲ್ಲ, ನೋಡುವ ನನಗೇ ಚಡಪಡಿಕೆ.

ಹಿರೇವಡ್ಡಟ್ಟಿ, ಹೊಂಬಳ, ಎಲ್ಲಿಂದ ಮದುವೆಗೆ ಕರೆದರೂ ಹೂಂ ಎನ್ನುವವರು ಡಂಬಳದಿಂದ ಕರೆ ಬಂದರೆ ಮಾತ್ರ ಬೆನ್ನುನೋವು ಎನ್ನುತ್ತಿದ್ದರು. ನಾವೆಲ್ಲ ನಗುತ್ತಿದ್ದೆವು.

ಕಳೆದ ವರ್ಷ ಮೊಬೈಲಿನಲ್ಲಿ ಒಂದು ಪ್ರಕಟಣೆ ಕಂಡಿತು: ಜಾಝ್ ಮತ್ತು ಕಲಾಪ್ರಿಯರಿಗಾಗಿ ಸಣ್ಣಕಥೆ ಸ್ಪರ್ಧೆ, ಯಾವ ಭಾಷೆಯಾದರೂ ಸರಿ. ಕಳಿಸಿದ ಕಥೆಯೆಲ್ಲ ವಾಪಸು ಬಂದು ಸೋತಿದ್ದ ನನಗೆ, ಇದೊಂದು ಸಲ ಗೆಲ್ಲಲೇಬೇಕೆಂಬ ಹಟ ಹುಟ್ಟಿತು. ಜಾಝ್ ಅಂದರೆ ಮಾತ್ರ ತಲೆಬುಡ ಗೊತ್ತಿರಲಿಲ್ಲ. ಮಾಸ್ತರರನ್ನು ಹಿಡಿದೆ.

"ನನಗೂ ಅಷ್ಟಕ್ಕಷ್ಟ, ತಂಗಿ," ಎಂದರು. "ಮೆರವಣಿಗಿ ನಡುದಾರ್ಯಾಗ ನಿಂತಿರತೈತಿ. ಬರೂ ಹಾಡೆಲ್ಲಾ ಮುಗದಿರತಾವು. ಹುಡುಗುರು ಕುಣಿಯೂದು ಬಿಡಂಗಿಲ್ಲ. ಆವಾಗ ಬಾಯಿಗೆ ಬಂದದ್ದು ಊದತೀವಲ್ಲ, ಅದ ಇರಬೇಕು."

ನನಗೆ ಅಷ್ಟೇ ಸಾಕಾಯಿತು. ಇಬ್ಬರು ಬ್ಯಾಂಡಿನವರ ಕಥೆ ಹೆಣೆದೆ. ದೊಡ್ಡ ಕೆರೆ ಇದೆಯೆಂದು ಡಂಬಳವನ್ನು ಆರಿಸಿಕೊಂಡೆ. ಮದುವೆಯಲ್ಲಿ ತಾಳ ತಪ್ಪಿತೆಂದು ಜಗಳ. ಸ್ಯಾಕ್ಸೊಫೋನಿನವನು ಸಿಟ್ಟಿನಲ್ಲಿ ಟೆಂಪೋ ಹತ್ತಿ ಹೊರಟುಬಿಡುತ್ತಾನೆ. ಕಿರುಬೆರಳಿಲ್ಲದ ಡ್ರಮ್ಮಿನವನು ಕೆರೆಯ ಮೆಟ್ಟಿಲ ಮೇಲೆ ಒಬ್ಬನೇ ಉಳಿಯುತ್ತಾನೆ. ಮುಂದೆ ಏನೂ ತೋಚಲಿಲ್ಲ. ಕಥೆ ಕಳಿಸಬೇಕಾದ ಕೊನೆಯ ದಿನ ಮಧ್ಯಾಹ್ನ, ಬರೆದಷ್ಟನ್ನೇ ಅವರಿಗೆ ಓದಿದೆ.

ಮಾಸ್ತರರು ಕಪ್ಪು ಕೆಳಗಿಟ್ಟರು. "ಆ ಬೆರಳಿನ ಮಾತು ನಿನಗ ಯಾರು ಹೇಳಿದ್ರು?"

"ಯಾರೂ ಇಲ್ರಿ. ನಾನ ಕಟ್ಟಿದ್ದು."

"ನಲವತ್ತು ವರ್ಷ ಆತು. ನನ್ನ ಡ್ರಮ್ಮಿನವಗೂ ಆ ಬೆರಳು ಇರಲಿಲ್ಲ. ಡಂಬಳದಾಗ ಅವನ್ನ ಬಿಟ್ಟು ಬಂದಾವ ನಾನ. ಮರುದಿನ ಕೆರ್ಯಾಗ ಹೆಣ ಸಿಕ್ತು." ಅವರು ಹಾಳೆಗಳತ್ತ ಬೊಟ್ಟು ಮಾಡಿದರು. "ನನ್ನ ಮ್ಯಾಲಿನ ಸಿಟ್ಟು ಇಟಗೊಂಡ ಹೋದನೋ, ಬಿಟ್ಟು ಹೋದನೋ? ನಿನಗ ಇಷ್ಟು ಕಂಡೈತಿ. ಮುಂದ ಅವ ಏನಂದ, ಬರಿ."

'ಅವಂದೇನೂ ತಪ್ಪಿಲ್ಲ' ಎಂದು ಬರೆದು ಓದಿದೆ.

"ಇದು ನೀ ನನಗ ಹೇಳೂ ಸಮಾಧಾನ. ಅವ ಹಿಂಗ ಮಾತಾಡಾವಲ್ಲ. ಮತ್ತ ಬರಿ."

ಯೋಚಿಸುವ ಮೊದಲೇ ಕೈ ಓಡಿತು: 'ಹಸದಾಗ ಅವ ಹಂಗ. ನನ್ನ ರೊಟ್ಟಿ ಗಂಟು ಅವನ ವಾದ್ಯದ ಪೆಟಗ್ಯಾಗ ಉಳೀತು. ತಿನ್ನಲಿ ಬಿಡು.'

ಓದುತ್ತಿದ್ದಂತೆ ಮಾಸ್ತರರು ಮಕ್ಕಳ ಹಾಗೆ ಅತ್ತುಬಿಟ್ಟರು. "ಆ ರೊಟ್ಟಿ ನಾ ತಿಂದೆ, ತಂಗಿ. ಅವ ಹೋದ ಖಬರ ಬರೂ ಮೊದಲ. ಇಲ್ಲೀತನಕ ಯಾರಿಗೂ ಹೇಳಿಲ್ಲ."

ಹಾಳೆಗಳನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡರು. ನಾನು ತಿರುಗಿ ಕೇಳಲಿಲ್ಲ, ಸ್ಪರ್ಧೆಗೆ ಏನೂ ಕಳಿಸಲಿಲ್ಲ. ಸುಳ್ಳೇಕೆ ಹೇಳಲಿ, ಹೊಟ್ಟೆ ಉರಿಯಿತು. ಆದರೆ ಆ ಕಥೆಯ ಕೆಳಗೆ ನನ್ನ ಹೆಸರು ಬರೆಯುವ ಧೈರ್ಯ ಬರಲಿಲ್ಲ.

ಎರಡು ತಿಂಗಳಿಗೆ ಮಾಸ್ತರರು ತೀರಿಕೊಂಡರು. ಮನೆಯವರನ್ನು ಮಾತಾಡಿಸಲು ಹೋದಾಗ ಅವರ ಸೊಸೆ ನನ್ನನ್ನು ಪಡಸಾಲೆಯ ಮೂಲೆಗೆ ಕರೆದು ಪಿಸುಗುಟ್ಟಿದಳು.

"ನೀವು ಕಥಿ ಓದಿದ ದಿನದಿಂದ, ನಮ್ಮ ಮಾವಾರು ಮಧ್ಯಾಹ್ನ ಎರಡು ತಾಟು ಊಟ ಹಚ್ಚಸಿಗೊಂತಿದ್ರು ಅಕ್ಕಾ, ಬಾಗಲಾ ಹಾಕ್ಕೊಂಡು. ಅವರು ಅರ್ಧ ರೊಟ್ಟಿ ಮ್ಯಾಲ ಉಣ್ಣಾವರಲ್ಲ. ಎರಡೂ ತಾಟು ಖಾಲಿ ಬರತಿದ್ವು."

ಕೇಳಿ ನನಗೆ ಹೆದರಿಕೆಯಾಯಿತು. ಮಾಸ್ತರರು ಒಬ್ಬರೇ ಹೋಗಲಿಲ್ಲವೆಂದು ನೆಮ್ಮದಿಯೂ ಆಯಿತು.