ಏಳು ಸಾಲಿನ ಗೋಡೆ

ಜನವರಿ 18, ಭಾನುವಾರ, ಬೆಳಿಗ್ಗೆ 9:40. ಹೊರಗೆ ಹನ್ನೊಂದು ಡಿಗ್ರಿ ಫ್ಯಾರನ್‌ಹೀಟ್; ಮೂವತ್ತೆರಡಕ್ಕೇ ನೀರು ಹೆಪ್ಪುಗಟ್ಟುತ್ತದೆ.

ಹಳೆಯ ಕೋಟಿನ ಜೇಬಿನಲ್ಲಿ ಒಂದು ಜೊತೆ ಗ್ಲೌಸ್ ಸಿಕ್ಕಿತು. ಬೆರಳತುದಿಯಲ್ಲಿ ಸಿಮೆಂಟ್ ಗಟ್ಟಿಯಾಗಿ ಕೂತಿದೆ. ನೀವೂ ಇಂಥದ್ದೇನನ್ನೋ ತೊಳೆಯದೆ ಇಟ್ಟುಕೊಂಡಿರಬಹುದು.

ಅಮೆರಿಕದ ಸ್ಟರ್ಲಿಂಗ್ ಹೈಟ್ಸ್‌ನಲ್ಲಿ ನಂಜುಂಡ ಅಂಕಲ್ ಮನೆಯ ಮಹಡಿಯ ಒಂದು ಕೋಣೆಯಲ್ಲಿ ನಾನು ಬಾಡಿಗೆಗಿದ್ದೇನೆ. ಅವರ ಹೆಂಡತಿ ಸುಮಿತ್ರಾ ಆಂಟಿಗೆ ಹೃದಯದ ತೊಂದರೆಯಾಗಿ, ಮೆಟ್ಟಿಲು ಹತ್ತಬಾರದೆಂದರು ಡಾಕ್ಟರ್. ಮಲಗುವ ಕೋಣೆಗಳೆಲ್ಲ ಮೇಲೆ. ಆಂಟಿ ಹಾಲ್‌ನ ಸೋಫಾಕ್ಕೆ ಇಳಿದರು. ಅಂಕಲ್ ಹಿತ್ತಲಲ್ಲಿ ಅವರಿಗೊಂದು ಕೋಣೆ ಕಟ್ಟಿಸಲು ಹೊರಟರು. ಪರ್ಮಿಟ್ ಸಿಗುವಷ್ಟರಲ್ಲಿ ನವೆಂಬರ್ ಬಂದಿತ್ತು. ಅದು ಹೋದ ಚಳಿಗಾಲ.

ಇಲ್ಲಿ ನೆಲ ಮೂರೂವರೆ ಅಡಿಯವರೆಗೂ ಹೆಪ್ಪುಗಟ್ಟಿ ಉಬ್ಬುತ್ತದೆ. ತಳಪಾಯ ಅದಕ್ಕಿಂತ ಕೆಳಗೆ ಕೂರಬೇಕೆಂದು ಆಳದ ಗುಂಡಿ ತೋಡಿದರು. ಹಸಿ ಗಾರೆ ಹೆಪ್ಪುಗಟ್ಟಿದರೆ ಗೋಡೆ ನಿಲ್ಲುವುದಿಲ್ಲ. ಮೇಸ್ತ್ರಿ ಕಟ್ಟಿದ ಬ್ಲಾಕಿನ ಸಾಲುಗಳಿಗೆ ಕಂಬಳಿ ಹೊದಿಸಿ ಹೀಟರ್ ಇಟ್ಟ. ಶಾಖ ನಲವತ್ತು ಡಿಗ್ರಿಗಿಂತ ಇಳಿಯದಂತೆ ನೋಡುವುದು ನನ್ನ ಪಾಲಿಗೆ ಬಂತು. ಎರಡು ಗಂಟೆಗೊಮ್ಮೆ ಈ ಗ್ಲೌಸ್ ತೊಟ್ಟು ಗುಂಡಿಗಿಳಿದು ನೋಡಿ, ಡೈರಿಯಲ್ಲಿ ಬರೆದೆ. ಹಲ್ಲುಜ್ಜಿದ್ದನ್ನೂ ಬರೆದಿಡುವವಳಿಗೆ ಇದೇನು ಹೆಚ್ಚು?

“ಗೋಡೆಗೆ ಜ್ವರ ಎಷ್ಟಮ್ಮಾ?” ಆಂಟಿ ಸೋಫಾದಿಂದಲೇ ಕೇಳುತ್ತಿದ್ದರು.

“ಐವತ್ತೆರಡು, ಆಂಟಿ.”

“ನಂದು ಯಾರೂ ಬರ್ಕೊಳಲ್ಲ ನೋಡು. ಗೋಡೆಗಾದ್ರೆ ಎರಡೆರಡು ಕಂಬಳಿ!”

“ನಿಂಗೆ ಮೂರು ಹೊದಿಸಿದೀನಲ್ಲೇ!” ಅಡುಗೆಮನೆಯಿಂದ ಅಂಕಲ್.

ಐದನೇ ಸಾಲು ಮುಗಿದ ಮಧ್ಯಾಹ್ನ ಆಂಟಿ ಸೋಫಾದ ಮೇಲೆಯೇ ಹೋಗಿಬಿಟ್ಟರು. ಆ ದಿನದ ಪುಟದಲ್ಲಿ ‘2:00, ನಲವತ್ತೆಂಟು’ ಎಂದಿದೆ. ಆಂಟಿಯ ಬಗ್ಗೆ ಒಂದಕ್ಷರವಿಲ್ಲ.

ಹದಿಮೂರು ದಿನ ಕೆಲಸ ನಿಂತಿತು, ಹೀಟರ್ ನಿಲ್ಲಲಿಲ್ಲ. ಆಮೇಲೆ ಮೇಸ್ತ್ರಿ ಬಂದು, ಟೋಪಿ ತೆಗೆದು, ಅರ್ಧ ಗೋಡೆ ಹೀಗೇ ಬಿಡಲಾಗದೆಂದ. ಬ್ಲಾಕಿನ ಟೊಳ್ಳಿಗೆ ನೀರಿಳಿದು ಹೆಪ್ಪುಗಟ್ಟಿದರೆ ಸೀಳುತ್ತದೆ. ಮುಗಿಸಬೇಕು, ಇಲ್ಲವೇ ಒಡೆದು ಗುಂಡಿ ಮುಚ್ಚಬೇಕು.

“ಯಾರಿಗೆ ಅಂಕಲ್, ಇನ್ನು ಈ ಕೋಣೆ?” ಎಂದುಬಿಟ್ಟೆ. ಆ ಮಾತಿಗೆ ಇಂದಿಗೂ ನಾಚುತ್ತೇನೆ.

“ಕೋಣೆ ಬೇಡಮ್ಮ. ಗೋಡೆ ಮುಗೀಲಿ. ದಿನಾ ಕಿಟಕೀಲಿ ನೋಡ್ತಾ ಇದ್ಲು. ಒಡಿಯೋಕೆ ನನ್ ಕೈಲಾಗಲ್ಲ.”

ಏಳು ಸಾಲಾಯಿತು. ಟೊಳ್ಳುಗಳಿಗೆ ಕಬ್ಬಿಣದ ಸರಳಿಳಿಸಿ ಕಾಂಕ್ರೀಟ್ ತುಂಬಿದರು. ಈಗಲೂ ಗುಂಡಿಯಲ್ಲಿ ಗೋಡೆ ನೆಟ್ಟಗೆ ನಿಂತಿದೆ, ಮೇಲೆ ಏನೂ ಇಲ್ಲ. ತಳಪಾಯದಡಿಯ ಮಣ್ಣು ಹೆಪ್ಪುಗಟ್ಟದಿರಲೆಂದು ಈ ಚಳಿಗಾಲವೂ ಹೀಟರ್ ಉರಿಯುತ್ತಿದೆ.

ತಿಂಗಳ ಕೊನೆಗೆ ನಾನು ಕೆಲಸದ ಮೇಲೆ ಶಾಮ್‌ಬರ್ಗ್‌ಗೆ ಹೊರಡುತ್ತೇನೆ. ಆಮೇಲೆ ಎಪ್ಪತ್ತೆರಡರ ಅಂಕಲ್ ಒಬ್ಬರೇ ಮಂಜು ಕಟ್ಟಿದ ಏಣಿ ಹಿಡಿದು ಗುಂಡಿಗೆ ಇಳಿಯುತ್ತಾರೆ. ಬೇಡವೆಂದರೆ ಕೇಳುವವರಲ್ಲ. ಮೇಲೆ ಕೋಣೆಯಿಲ್ಲದ ತಳಪಾಯದ ಗೋಡೆಯನ್ನು ಹೀಟರಿಲ್ಲದೆ ಚಳಿಗಾಲ ದಾಟಿಸುವುದು ಹೇಗೆಂದು ಬಲ್ಲವರು ದಯವಿಟ್ಟು ಬರೆಯಿರಿ. ಒಡೆಯಿರಿ ಎಂದು ಮಾತ್ರ ಬರೆಯಬೇಡಿ. ನೀವು ಬರೆದ ಕಾಗದಗಳನ್ನು ಅಂಕಲ್ ಕೂಡ ಓದುತ್ತಾರೆ.