ಎಮ್ಮೆಗೂ ‘ರೀ’ ಎನ್ನುವ ನಿರ್ದೇಶಕ

ಗೆಳೆಯರು ಸಪ್ತಾಪುರದ ಬಾಡಿಗೆ ಕೋಣೆಯಲ್ಲಿ ಆರಂಭಿಸಿದ ಸಿನಿಮಾ ಕಂಪನಿಗೆ ಹುಲಗೇಶನೇ ನಿರ್ದೇಶಕ. ಆದರೆ ಗದರುವುದು ಅವನಿಗೆ ಬಾರದು. ನಟರಿಗೆ ‘ಶುರು ಮಾಡ್ರಿ’ ಎಂದು ಕೈಮುಗಿಯುವವನು, ಉಣಕಲ್ ಕೆರೆಯ ದಂಡೆಯಲ್ಲಿ ಕ್ಯಾಮೆರಾಕ್ಕೆ ಅಡ್ಡ ಬಂದ ಎಮ್ಮೆಗೂ ‘ತುಸು ಸರೀರಿ’ ಎಂದಿದ್ದ. ‘ಎಮ್ಮಿ ಏನ್ ನಿಮ್ಮ ಬೀಗರೇನೋ?’ ಎಂದು ಛಾಯಾಗ್ರಾಹಕಿ ಸುಜಾತಾ ನಕ್ಕಿದ್ದಳು. ಅವರ ಮೊದಲ ಚಿತ್ರವೆಲ್ಲ ನಿಂತದ್ದು ಒಂದೇ ದೃಶ್ಯದ ಮೇಲೆ: ಧಣಿ ಕೂಲಿಯವಳನ್ನು ಅಂಗಳದಿಂದ ಅಟ್ಟಬೇಕು. ನಟನ ಬಾಯಲ್ಲಿ ಆ ಗದರಿಕೆಗೆ ಜೀವವೇ ಬರಲಿಲ್ಲ. ಕೊನೆಗೆ ಹುಲಗೇಶ ತಾನೇ ಎದ್ದು ತೋರಿಸಿದ: ‘ಏಯ್, ದೂರ ನಿಂದ್ರು!’ ಧಣಿಯ ವೇಷದವನೇ ಅರಿವಿಲ್ಲದೆ ಹಿಂದೆ ಸರಿದ. ಕ್ಯಾಮೆರಾದಿಂದ ಕಣ್ಣು ತೆಗೆದು ಸುಜಾತಾ ಮೆಲ್ಲಗೆ ಕೇಳಿದಳು: ‘ಈ ದನಿ ಎಲ್ಲಿ ಕಲ್ತಿಯೋ?’ ‘ಸಣ್ಣಾಂವ ಇದ್ದಾಗ, ಧಣ್ಯಾರ ಅಂಗಳದಾಗ ಅವ್ವನ ಸೆರಗ ಹಿಡ್ಕೊಂಡು ನಿಂತು ಕಲ್ತೇನ್ರಿ,’ ಎಂದ ಹುಲಗೇಶ.